ಹಳತಾದ ಲಿನಕ್ಸ್ ಫೋನಿಗೆ ಬದಲಿ ಯಾವುದು?

ಅಂಗೈಯಲ್ಲಿ ಹಿಡಿಯಬಹುದಾದ, ಬಳಸುವವರೇ ಬಿಚ್ಚಿ ನೋಡಿ ತಿದ್ದಬಹುದಾದ ಗಣಕವೆಂಬ ಕಲ್ಪನೆ ಕರ್ನಾಟಕಕ್ಕೆ ಹೊರಗಿನಿಂದ ಬಂದ ಸರಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿಯೇ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಅದರ ಯಂತ್ರಾಂಶದ ವಿನ್ಯಾಸವನ್ನೂ ಒಂದು ಸಾರ್ವಜನಿಕ ಪರವಾನಗಿಯ ಅಡಿಯಲ್ಲಿ ಇತರರಿಗೆ ತೆರೆದಿಡಲಾಗಿತ್ತು, ಮತ್ತು ಒಂದೇ ಸಾಧನವನ್ನು ಊರಿನ ಹಲವರು ಸ್ಮಾರ್ಟ್ ಕಾರ್ಡಿನ ಮೂಲಕ ಹಂಚಿಕೊಂಡು ಬಳಸಬೇಕೆಂಬುದು ಅದರ ಮೂಲ ಆಶಯವಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಅದೇ ವರ್ಷ ಕರ್ನಾಟಕ ಸರ್ಕಾರ ಭೂದಾಖಲೆಗಳ ಕೆಲಸಕ್ಕೂ ಈ ಸಾಧನವನ್ನು ಬಳಸಿತು. ಆದರೆ ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ, ಅಗ್ಗದ ಮೊಬೈಲುಗಳು ಹಳ್ಳಿಗಳನ್ನು ತುಂಬಿದವು, ಸಿಂಪ್ಯೂಟರಿನ ತಯಾರಿಕೆ ನಿಂತುಹೋಯಿತು.

ಸಾಧನ ಹೋದರೂ ಅದರ ಒಂದು ಭಾಗ ಉಳಿಯಿತು ಎಂಬುದೇ ಈ ಸಮೀಕ್ಷೆಗೆ ಮುಖ್ಯವಾದ ಸಂಗತಿ. ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ರೂಪುಗೊಂಡ 'ಧ್ವನಿ' ಎಂಬ ತಂತ್ರಾಂಶ, ಅಂದರೆ ಬರಹವನ್ನು ಓದಿ ಹೇಳುವ ತಂತ್ರಾಂಶ, ಮುಕ್ತ ಪರವಾನಗಿಯಲ್ಲಿದ್ದುದರಿಂದ ಕೇರಳದ ಸಂತೋಷ್ ತೊಟ್ಟಿಂಗಲ್ ಅವರಂಥವರು ಮುಂದೆ ಅದನ್ನು ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಹಾರ್ಡ್‌ವೇರಿಗೆ ಮುಪ್ಪು ತಪ್ಪದು. ಹಲವರ ಕೈಯಲ್ಲಿರುವ ಕೋಡಿಗೆ ಹಾಗಲ್ಲ. ಹಳೆಯ ಲಿನಕ್ಸ್ ಫೋನೊಂದಕ್ಕೆ ಬದಲಿ ಹುಡುಕುವವರು ಪ್ರೊಸೆಸರಿನ ವೇಗಕ್ಕಿಂತ, ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದರಿಂದ ಹುಟ್ಟುತ್ತದೆ: ಈ ಫೋನನ್ನು ನಡೆಸುವ ಕೋಡು ತಯಾರಕನೊಬ್ಬನ ಕೈಯಲ್ಲಿದೆಯೇ, ಅಥವಾ ಲೋಕದ ಹಲವು ಕೈಗಳಲ್ಲಿದೆಯೇ?

ಇಲ್ಲಿ ಪದವೊಂದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕರ್ನಲ್ ಎಂದರೆ ಯಂತ್ರಾಂಶಕ್ಕೂ ಮಿಕ್ಕ ತಂತ್ರಾಂಶಕ್ಕೂ ನಡುವೆ ನಿಂತು ಪರದೆ, ಬ್ಯಾಟರಿ, ಮೋಡೆಮ್ ಮೊದಲಾದವನ್ನು ಆಳುವ ತಿರುಳು. ಆಂಡ್ರಾಯ್ಡ್ ಫೋನುಗಳಲ್ಲಿಯೂ ಲಿನಕ್ಸ್ ಕರ್ನಲ್ಲೇ ಇದೆ. 2017ರಲ್ಲಿ 1,500 ರೂಪಾಯಿ ಠೇವಣಿಯ ಮೇಲೆ ಮನೆಮನೆಗೆ ಬಂದ ಜಿಯೋಫೋನಿನೊಳಗೂ, ಫೈರ್‌ಫಾಕ್ಸ್ ಓಎಸ್‌ನಿಂದ ಕವಲೊಡೆದ ಕೈಓಎಸ್‌ನ ಕೆಳಗೆ, ಲಿನಕ್ಸ್ ಕರ್ನಲ್ ಇತ್ತು. ಶಿಕಾರಿಪುರ ತಾಲೂಕಿನ ತೊಗರ್ಸಿಯ ಸಂತೆಯಲ್ಲಿ ಕೀಪ್ಯಾಡ್ ಒತ್ತುತ್ತ ನಿಂತವರ ಕೈಯಲ್ಲಿಯೂ ಹೀಗೆ ಲಿನಕ್ಸ್ ಇದ್ದೇ ಇತ್ತು. ಆದರೆ ಅದನ್ನು ಬದಲಿಸುವ, ತಿದ್ದುವ, ಮುಂದುವರಿಸುವ ಹಕ್ಕು ಅವರಿಗೆ ಇರಲಿಲ್ಲ. ಆದ್ದರಿಂದ ಈ ಲೇಖನದಲ್ಲಿ ಲಿನಕ್ಸ್ ಫೋನ್ ಎಂದರೆ ಕರ್ನಲ್ ಮಾತ್ರವಲ್ಲದೆ ಅದರ ಮೇಲಿನ ವ್ಯವಸ್ಥೆಯೂ ಮೇಜಿನ ಗಣಕದ ಡೆಬಿಯನ್, ಆಲ್ಪೈನ್ ಮೊದಲಾದ ಲಿನಕ್ಸ್ ಹಂಚಿಕೆಗಳ ಬಳಗಕ್ಕೆ ಸೇರಿರುವ, ಬಳಸುವವರು ತಮಗೆ ಬೇಕಾದ ವ್ಯವಸ್ಥೆಯನ್ನು ತಾವೇ ಹಾಕಿಕೊಳ್ಳಬಹುದಾದ ಫೋನ್.

ಭಾರತದ ಮಾರುಕಟ್ಟೆಗೆ ಆಂಡ್ರಾಯ್ಡ್ ಅಲ್ಲದ, ಲಿನಕ್ಸ್ ಕರ್ನಲ್ಲಿನ ಫೋನುಗಳು ಒಮ್ಮೆ ಸಾಲುಸಾಲಾಗಿಯೇ ಬಂದಿದ್ದವು. 2014ರಲ್ಲಿ ಫೈರ್‌ಫಾಕ್ಸ್ ಓಎಸ್ ಹೊತ್ತ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ 1,999 ರೂಪಾಯಿಗೆ ಸಿಕ್ಕಿತು. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ಟೈಜನ್ ವ್ಯವಸ್ಥೆಯ ಝಡ್1 ಫೋನನ್ನು 5,700 ರೂಪಾಯಿಗೆ ಬಿಟ್ಟಿತು. ಅದೇ ವರ್ಷ ಬಿಕ್ಯೂ ಕಂಪನಿಯ ಉಬುಂಟು ಫೋನುಗಳು ಬಂದವು. 2016ರಲ್ಲಿ ಸೈಲ್‌ಫಿಶ್ ಓಎಸ್‌ನ ಇಂಟೆಕ್ಸ್ ಅಕ್ವಾ ಫಿಶ್ 5,499 ರೂಪಾಯಿಗೆ ಮಾರಾಟವಾಯಿತು. ಇವುಗಳ ಗತಿ ಹೆಚ್ಚು ಕಡಿಮೆ ಒಂದೇ. ಮೊಜಿಲ್ಲಾ 2015ರ ಕೊನೆಗೆ ಫೋನುಗಳ ಕೆಲಸವನ್ನು ಕೈಬಿಟ್ಟಿತು, ಕ್ಯಾನೊನಿಕಲ್ 2017ರಲ್ಲಿ ಉಬುಂಟು ಫೋನನ್ನು ನಿಲ್ಲಿಸಿತು, ಟೈಜನ್ ಆಪ್ ಅಂಗಡಿ 2021ರ ಕೊನೆಗೆ ಬಾಗಿಲು ಹಾಕಿತು. ಕಂಪನಿ ಹಿಂದೆ ಸರಿದ ಮೇಲೆ ಆ ಫೋನುಗಳಲ್ಲಿ ಹೆಚ್ಚಿನವುಗಳ ಆಯುಸ್ಸು ಬೇಗನೆ ಮುಗಿಯಿತು, ಏಕೆಂದರೆ ಅವುಗಳ ಕರ್ನಲ್ ಚಿಪ್ ತಯಾರಕರು ಒಮ್ಮೆ ಕೊಟ್ಟು ಮರೆತ ಹಳೆಯ ಕವಲಾಗಿತ್ತು. ಅದನ್ನು ಹೊಸ ಲಿನಕ್ಸಿಗೆ ಹೊಂದಿಸುವ ಕೆಲಸ ಯಾರ ಪಾಲಿಗೂ ಬೀಳಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 2009ರ ನೋಕಿಯಾ ಎನ್900 ಕಂಪನಿ ಕೈಬಿಟ್ಟ ಎಷ್ಟೋ ವರ್ಷಗಳ ಮೇಲೂ ಆಸಕ್ತರ ಕೈಯಲ್ಲಿ ನಡೆಯುತ್ತಲೇ ಇದೆ. ಅದರ ಡ್ರೈವರುಗಳ ದೊಡ್ಡ ಪಾಲು, ಅಂದರೆ ಬಿಡಿಭಾಗಗಳನ್ನು ಕರ್ನಲ್ಲಿಗೆ ಪರಿಚಯಿಸುವ ತಂತ್ರಾಂಶದ ಹೆಚ್ಚಿನ ಭಾಗ, ಮೂಲ ಲಿನಕ್ಸ್ ಕರ್ನಲ್ಲಿನಲ್ಲಿ ಸೇರಿಕೊಂಡಿರುವುದೇ ಅದಕ್ಕೆ ಕಾರಣ.

ಈ ಬಗೆಯ ಫೋನು ಮುಪ್ಪಾಗುವುದು ಒಂದೇ ದಾರಿಯಲ್ಲಲ್ಲ. ಮೊದಲು ಸೋಲುವುದು ಬ್ಯಾಟರಿ. ಹಳೆಯ ಫೋನನ್ನು ಬಿಸಾಡುವ ಮೊದಲು ಅದರ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿಯ ಮೇಲಿನ ಗುರುತನ್ನು ಓದುವುದು ಒಳ್ಳೆಯದು. ಎನ್900ರ ಬ್ಯಾಟರಿ ಬಿಎಲ್-5ಜೆ. ಇದೇ ಬ್ಯಾಟರಿ ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿದ್ದ ಲೂಮಿಯಾ 520ರಲ್ಲಿಯೂ ಇದ್ದುದರಿಂದ ತಾಲೂಕು ಕೇಂದ್ರದ ಅಂಗಡಿಗಳಲ್ಲಿ ಇದು ಅಪರಿಚಿತವಲ್ಲ. ಪೈನ್‌ಫೋನ್ ಎಂಬ ಲಿನಕ್ಸ್ ಫೋನನ್ನು ವಿನ್ಯಾಸಗೊಳಿಸಿದವರು ಇನ್ನೂ ಜಾಣತನ ತೋರಿ, 2015ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಜೆ7ಗೆ ಹೊಂದುವ ಬ್ಯಾಟರಿಯೇ ಸಾಕಾಗುವಂತೆ ಮಾಡಿದರು. ಜೆ7 ಭಾರತದಲ್ಲಿ ವಿಪರೀತ ಮಾರಾಟವಾದ ಫೋನು; ಹಾಂಗ್‌ಕಾಂಗಿನಿಂದ ತರಿಸಿದ ಅಪರೂಪದ ಸಾಧನಕ್ಕೆ ಬೇಕಾದ ಬ್ಯಾಟರಿಯನ್ನು ಶಿರಾಳಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಕೇಳಬಹುದು ಎಂಬುದು ಸಣ್ಣ ಅನುಕೂಲವಲ್ಲ. ಇಂಥ ಕಡೆ ಬ್ಯಾಟರಿ ಬದಲಿಸಿಕೊಂಡು ಇನ್ನೆರಡು ವರ್ಷ ತಳ್ಳುವುದೇ ಅತ್ಯುತ್ತಮ 'ಬದಲಿ' ಆಗಬಹುದು.

ಎರಡನೆಯ ಮುಪ್ಪು ನೆಟ್‌ವರ್ಕಿನದು, ಅದಕ್ಕೆ ಅಂಗಡಿಯಲ್ಲಿ ಮದ್ದಿಲ್ಲ. 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಮೊದಲ ದಿನದಿಂದಲೂ 2ಜಿ, 3ಜಿ ಇಲ್ಲದ ಜಾಲ. ಅದರಲ್ಲಿ ಮಾತನಾಡಬೇಕಾದರೆ ಫೋನಿಗೆ ವೋಲ್ಟೆ, ಅಂದರೆ ಧ್ವನಿಯನ್ನೂ 4ಜಿಯ ಡೇಟಾದಂತೆಯೇ ಸಾಗಿಸುವ ವಿಧಾನ, ಬರಲೇಬೇಕು. ಏರ್‌ಟೆಲ್ 2020ರ ಹೊತ್ತಿಗೆ 3ಜಿಯನ್ನು ಮುಚ್ಚಿ 2ಜಿಯನ್ನು ಉಳಿಸಿಕೊಂಡಿತು. ಬಿಎಸ್‌ಎನ್‌ಎಲ್ ದೇಶೀಯ ತಂತ್ರಜ್ಞಾನದ 4ಜಿ ಜಾಲವನ್ನು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿತು. ಆ ಜಾಲದ ರೇಡಿಯೋ ಉಪಕರಣಗಳನ್ನು ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ಬಿಎಸ್‌ಎನ್‌ಎಲ್ 4ಜಿ ಬಳಸುವ ಅಲೆಗಳು ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್‌ನವು. 700ರ ಅಲೆ ಮರಗಿಡ, ಗೋಡೆಗಳನ್ನು ದಾಟಿ ದೂರ ಹೋಗುವಂಥದ್ದಾದುದರಿಂದ ಅಡಿಕೆ ತೋಟಗಳ ನಡುವಿನ ಮನೆಗಳಿಗೆ ಅದೇ ಆಧಾರ. ಹಾಗಾಗಿ ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಫೋನ್ ಕೊಳ್ಳುವವರು ಅದರ ವಿವರಪಟ್ಟಿಯಲ್ಲಿ 28ನೆಯ ಬ್ಯಾಂಡ್, ಅಂದರೆ ಈ 700ರ ಅಲೆ, ಇದೆಯೇ ಎಂದು ನೋಡಬೇಕು.

ಲಿನಕ್ಸ್ ಫೋನುಗಳ ಅತ್ಯಂತ ಗಂಭೀರ ಕೊರತೆ ಈ ವೋಲ್ಟೆಯಲ್ಲಿಯೇ ಇದೆ. ಸಾಮಾನ್ಯ ಫೋನುಗಳಲ್ಲಿ ವೋಲ್ಟೆಯ ಕೆಲಸದ ಒಂದು ಭಾಗವನ್ನು ಚಿಪ್ ತಯಾರಕರು ಆಂಡ್ರಾಯ್ಡಿನೊಳಗೆ ಗುಟ್ಟಾಗಿ ಕೊಟ್ಟ ತಂತ್ರಾಂಶ ಮಾಡುತ್ತದೆ. ಆಂಡ್ರಾಯ್ಡನ್ನು ತೆಗೆದು ಲಿನಕ್ಸ್ ಹಾಕಿದರೆ ಆ ಭಾಗವೂ ಹೋಗುತ್ತದೆ, ಕರೆ 2ಜಿಗೆ ಇಳಿಯುತ್ತದೆ, 2ಜಿಯೇ ಇಲ್ಲದ ಜಾಲದಲ್ಲಿ ಕರೆಯೇ ಆಗುವುದಿಲ್ಲ. ಪೈನ್‌ಫೋನಿನಲ್ಲಿ ಸ್ಥಿತಿ ಭಿನ್ನ: ಅದರ ಕ್ವೆಕ್ಟೆಲ್ ಇಜಿ25-ಜಿ ಮೋಡೆಮ್ ಸ್ವತಂತ್ರವಾದೊಂದು ಪುಟ್ಟ ಗಣಕದಂತಿದ್ದು ವೋಲ್ಟೆಯನ್ನು ತಾನೇ ನಿಭಾಯಿಸಬಲ್ಲದು, 28ನೆಯ ಬ್ಯಾಂಡನ್ನೂ ಹಿಡಿಯಬಲ್ಲದು. ಹೀಗಿದ್ದರೂ ಯಾವ ಸಿಮ್ ಹಾಕುವುದೋ ಆ ಸಿಮ್ಮಿನಿಂದಲೇ ಒಳಬರುವ, ಹೊರಹೋಗುವ ಎರಡೂ ಕರೆಗಳನ್ನು ಪರೀಕ್ಷಿಸಿ ನೋಡದೆ ಇಂಥ ಫೋನನ್ನು ಮನೆಯ ಏಕೈಕ ಫೋನಾಗಿ ಇಟ್ಟುಕೊಳ್ಳುವುದು ತರವಲ್ಲ. ರಾತ್ರಿ ಹಾವು ಕಚ್ಚಿದಾಗ, ಹೆರಿಗೆ ನೋವು ಬಂದಾಗ ಆಂಬ್ಯುಲೆನ್ಸಿಗೆ ಕರೆ ಹೋಗದ ಫೋನು ಎಷ್ಟೇ ಮುಕ್ತವಾಗಿದ್ದರೂ ಆ ಮನೆಗೆ ಉಪಯೋಗಕ್ಕೆ ಬರಲಿಲ್ಲ.

ಕನ್ನಡದ ಪರೀಕ್ಷೆಯನ್ನು ಮಾಡಲು ಬೇರೆ ಸಲಕರಣೆ ಬೇಕಿಲ್ಲ, ಊರಿನ ಹೆಸರೇ ಸಾಕು. 'ತೊಗರ್ಸಿ' ಎಂಬ ಪದ ಯೂನಿಕೋಡಿನಲ್ಲಿ ಏಳು ಸಂಕೇತಗಳಾಗಿ ಶೇಖರಗೊಳ್ಳುತ್ತದೆ: ತ, ಒಕಾರದ ಚಿಹ್ನೆ, ಗ, ರ, ಹಲಂತ ಚಿಹ್ನೆ, ಸ, ಇಕಾರದ ಚಿಹ್ನೆ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಇದಕ್ಕೆ ಏಳೇ ಒತ್ತು ಬೇಕು. ರ ಮತ್ತು ಸ ಅಕ್ಷರಗಳ ನಡುವೆ ಇಂಗ್ಲಿಷಿನ ಎಫ್ ಕೀಲಿ ಒತ್ತಿದರೆ ಎರಡೂ ಬೆಸೆಯುತ್ತವೆ. ಶೇಖರಣೆಯಲ್ಲಿ ರಕಾರ ಮೊದಲು ಬಂದರೂ ಪರದೆಯ ಮೇಲೆ ಅದು ಅರ್ಕಾವೊತ್ತಾಗಿ 'ಸಿ'ಯ ಬಲಕ್ಕೆ ಹೋಗಿ ಕೂರಬೇಕು. ಈ ಸ್ಥಾನಪಲ್ಲಟವನ್ನು ಮಾಡುವುದು ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಮುಕ್ತ ತಂತ್ರಾಂಶ. ಅದನ್ನು ಸರಿಯಾಗಿ ಬಳಸದ ಆಪ್‌ಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಚದುರಿ ನಿಲ್ಲುತ್ತವೆ. ಹೊಸ ಲಿನಕ್ಸ್ ಫೋನುಗಳಲ್ಲಿ ಈ ಜೋಡಣೆಯ ತೊಂದರೆ ವಿರಳ, ಏಕೆಂದರೆ ಮೇಜಿನ ಗಣಕದಲ್ಲಿ ದುಡಿಯುವ ಅದೇ ತಂತ್ರಾಂಶ, ಅದೇ ನೋಟೋ, ಲೋಹಿತ್, ಗುಬ್ಬಿ ಫಾಂಟುಗಳು ಇಲ್ಲಿಯೂ ದುಡಿಯುತ್ತವೆ. ಓದಲು ಅಡ್ಡಿಯಿಲ್ಲ.

ಬರೆಯಲು ಅಡ್ಡಿಯಿದೆ. ಮೇಜಿನ ಲಿನಕ್ಸಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸವೂ ಬಹುಕಾಲದಿಂದ ಇವೆ. ಆದರೆ ಫೋನಿನ ತೆರೆಯ ಮೇಲಿನ ಕೀಲಿಮಣೆ ಬೇರೆಯೇ ತಂತ್ರಾಂಶವಾದುದರಿಂದ ಅವು ತಾವಾಗಿಯೇ ಅಲ್ಲಿಗೆ ಬರುವುದಿಲ್ಲ. ಫಾಶ್ ಎಂಬ ಮುಖಪರದೆಯೊಡನೆ ಬಳಸಬಹುದಾದ ಸ್ಕ್ವೀಕ್‌ಬೋರ್ಡ್ ಎಂಬ ಕೀಲಿಮಣೆಯಲ್ಲಿ ಪ್ರತಿ ಭಾಷೆಯ ವಿನ್ಯಾಸವೂ ಒಂದೊಂದು ಸರಳ ಪಠ್ಯ ಕಡತ. ಸಾಲುಗಳಲ್ಲಿ ಅಕ್ಷರಗಳನ್ನು ಬರೆದು, ಶಿಫ್ಟ್ ಒತ್ತಿದಾಗ ಯಾವ ಸಾಲು ಬರಬೇಕೆಂದು ಹೇಳಿದರೆ ಕೀಲಿಮಣೆ ಸಿದ್ಧ. ಪ್ರೋಗ್ರಾಮಿಂಗ್ ಬಾರದ ಕನ್ನಡ ಮೇಷ್ಟ್ರೂ ಒಂದು ಸಂಜೆ ಕೂತು ಇದನ್ನು ಮಾಡಬಲ್ಲರು. ಅಕ್ಷರಗಳನ್ನು ಊಹಿಸಿ ಮುಂದಿನ ಪದ ಸೂಚಿಸುವ, ಕನ್ನಡ ಮಾತನ್ನು ಕೇಳಿ ಬರೆದುಕೊಳ್ಳುವ ಸೌಕರ್ಯಗಳ ಮಟ್ಟಿಗೆ ಮಾತ್ರ ಆಂಡ್ರಾಯ್ಡ್ ಬಹಳ ಮುಂದಿದೆ ಎಂದು ಒಪ್ಪಲೇಬೇಕು.

ಹಣ ಮತ್ತು ಸರ್ಕಾರಿ ಕೆಲಸಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಸ್ಮಾರ್ಟ್‌ಫೋನುಗಳಲ್ಲಿ ಯುಪಿಐ ಆಪ್‌ಗಳು ಆಂಡ್ರಾಯ್ಡ್ ಮತ್ತು ಐಫೋನಿಗೆ ಮಾತ್ರ ಇವೆ. ನೋಂದಣಿಯ ವೇಳೆ ಅವು ಫೋನಿನೊಳಗಿನ ಸಿಮ್ಮಿನಿಂದಲೇ ಸಂದೇಶ ಕಳಿಸಿ ಖಾತೆಯನ್ನು ಆ ಫೋನಿಗೆ ಬಿಗಿಯುತ್ತವೆ. ವೇಡ್ರಾಯ್ಡ್ ಎಂಬ ತಂತ್ರಾಂಶದಿಂದ ಲಿನಕ್ಸಿನ ಒಳಗೊಂದು ಆಂಡ್ರಾಯ್ಡ್ ಕೋಣೆಯನ್ನು ತೆರೆಯಬಹುದಾದರೂ ಫೋನು ಮೂಲಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸುವ ಬ್ಯಾಂಕ್ ಆಪ್‌ಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ರೈತರು ಸರ್ವೆ ನಂಬರ್ ಹಾಕಿ ತಮ್ಮ ಬೆಳೆಯ ಚಿತ್ರ ತೆಗೆದು ಸೇರಿಸುವ ರಾಜ್ಯ ಸರ್ಕಾರದ 'ಬೆಳೆ ಸಮೀಕ್ಷೆ' ಆಪ್ ಆಂಡ್ರಾಯ್ಡನ್ನೇ ನಂಬಿದೆ; ನಿಂತ ಜಾಗದ ಸರ್ವೆ ನಂಬರ್ ತೋರಿಸುವ 'ದಿಶಾಂಕ್' ಕೂಡ ಲಿನಕ್ಸ್ ಫೋನಿಗೆ ಬಂದಿಲ್ಲ. ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು ಮುಂತಾದವು ಬ್ರೌಸರಿನಲ್ಲಿ ಆಗುವ ಕೆಲಸಗಳಾದ್ದರಿಂದ ಲಿನಕ್ಸ್ ಫೋನಿಗೂ ದಕ್ಕುತ್ತವೆ. ಭೂದಾಖಲೆಯ ಕೆಲಸಕ್ಕೆ ಲಿನಕ್ಸಿನ ಸಾಧನವನ್ನು ಬಳಸಿದ್ದ ರಾಜ್ಯದಲ್ಲಿಯೇ ರೈತರ ಆಪ್ ಒಂದು ಕಂಪನಿಯ ವ್ಯವಸ್ಥೆಗೆ ಕಟ್ಟುಬಿದ್ದಿರುವುದು ದುಃಖದ ಸಂಗತಿ. ಸರ್ಕಾರಿ ಆಪ್ ಪ್ರತಿಯೊಂದಕ್ಕೂ ಬ್ರೌಸರಿನಲ್ಲಿ ತೆರೆಯುವ ರೂಪ ಇರಲೇಬೇಕೆಂದು ಒತ್ತಾಯಿಸುವುದು ನ್ಯಾಯವಾದ ಬೇಡಿಕೆ.

ಈ ಅಳತೆಗೋಲುಗಳನ್ನಿಟ್ಟುಕೊಂಡು ಲಭ್ಯ ಸಾಧನಗಳನ್ನು ನೋಡಿದರೆ ಆಯ್ಕೆ ಬೇಗ ಕಿರಿದಾಗುತ್ತದೆ. ಲಿನಕ್ಸಿಗೆಂದೇ ಹುಟ್ಟಿದ ಫೋನುಗಳಲ್ಲಿ ಲಿಬ್ರೆಮ್ 5, 2017ರಲ್ಲಿ ಜನರಿಂದ ಮುಂಗಡ ಹಣ ಪಡೆದು ಆರಂಭವಾದದ್ದು. ಮೋಡೆಮ್, ವೈಫೈ ಕಾರ್ಡುಗಳನ್ನು ಕಳಚಿ ಬದಲಿಸಬಹುದಾದ ಉದಾತ್ತ ವಿನ್ಯಾಸ ಅದರದು, ಆದರೆ ಬೆಲೆ ದುಬಾರಿ, ಬ್ಯಾಟರಿ ತಯಾರಕರ ಬಳಿಯಲ್ಲದೆ ಬೇರೆಡೆ ಸಿಗದು. ಪೈನ್‌ಫೋನ್ 149 ಡಾಲರಿನಷ್ಟು ಅಗ್ಗಕ್ಕೆ ಬಂದಿತ್ತು. ಮೋಡೆಮ್, ಕ್ಯಾಮೆರಾ, ಮೈಕುಗಳನ್ನು ಹಿಂಬದಿಯ ಪುಟ್ಟ ಗುಂಡಿಗಳಿಂದ ನಿಜವಾಗಿ ಆರಿಸಬಹುದು. ಆದರೆ 2 ಅಥವಾ 3 ಜಿಬಿ ಮೆಮೊರಿಯ ಅದರ ನಿಧಾನಗತಿ ತಾಳ್ಮೆಯನ್ನು ಬೇಡುತ್ತದೆ, ಎಚ್ಚರವಾಗಿದ್ದರೆ ಬ್ಯಾಟರಿ ಕೆಲವೇ ತಾಸುಗಳಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಕೈಕೊಡುವ ಊರುಗಳಲ್ಲಿ ಇದು ದೊಡ್ಡ ಕೊರತೆಯೇ. ಇನ್ನೂ ಶಕ್ತವಾದ ಪೈನ್‌ಫೋನ್ ಪ್ರೊದ ತಯಾರಿಕೆ 2025ರಲ್ಲಿ ನಿಂತಿತು. ಲಿಬ್ರೆಮ್, ಪೈನ್‌ಫೋನ್ ಎರಡನ್ನೂ ಹೊರದೇಶದಿಂದಲೇ ತರಿಸಬೇಕು, ಸುಂಕ ಕಟ್ಟಬೇಕು, ಕೆಟ್ಟರೆ ಹಿಂದಕ್ಕೆ ಕಳಿಸುವುದು ಸುಲಭವಲ್ಲ.

ಉಬುಂಟು ಟಚ್ಚನ್ನು ಕ್ಯಾನೊನಿಕಲ್ ಕೈಬಿಟ್ಟ ಮೇಲೆ ಯುಬಿಪೋರ್ಟ್ಸ್ ಎಂಬ ಸ್ವಯಂಸೇವಕರ ಬಳಗ ಪೊರೆಯುತ್ತಿದೆ. ಅದು ಸಾಮಾನ್ಯವಾಗಿ ಹಾಲಿಯಮ್ ಎಂಬ ಪದರದ ಮೂಲಕ ಆಂಡ್ರಾಯ್ಡಿನ ಹಳೆಯ ಕರ್ನಲ್ ಮತ್ತು ಡ್ರೈವರುಗಳನ್ನೇ ಬಳಸಿಕೊಳ್ಳುವುದರಿಂದ ಕ್ಯಾಮೆರಾ ಮೊದಲಾದವು ಚೆನ್ನಾಗಿ ನಡೆಯುತ್ತವೆ; ಆದರೆ ಚಿಪ್ ತಯಾರಕರು ಬಿಟ್ಟ ಕರ್ನಲ್ಲಿನ ಮುಪ್ಪು ಇದಕ್ಕೂ ತಗಲುತ್ತದೆ. ಅದು ಚೆನ್ನಾಗಿ ನಡೆಯುವ ಫೇರ್‌ಫೋನ್, ವೋಲ್ಲಾ ಫೋನುಗಳು ಭಾರತದಲ್ಲಿ ಮಾರಾಟಕ್ಕಿಲ್ಲ. ಸೈಲ್‌ಫಿಶ್ ನಯವಾದ ವ್ಯವಸ್ಥೆ, ಆದರೆ ಅದರ ಮುಖಪರದೆ ಪೂರ್ಣ ಮುಕ್ತವಲ್ಲ, ಮತ್ತು ಅದು ನೆಚ್ಚಿಕೊಂಡ ಸೋನಿ ಎಕ್ಸ್‌ಪೀರಿಯಾ ಫೋನುಗಳ ಕಂಪನಿ 2019ರಲ್ಲಿಯೇ ಭಾರತದ ಫೋನ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಉಳಿಯುವುದು ಅತ್ಯಂತ ಸಾಧಾರಣವಾಗಿ ಕಾಣುವ, ಆದರೆ ಈ ನೆಲಕ್ಕೆ ಒಗ್ಗುವ ದಾರಿ: 2018ರಲ್ಲಿ ಭಾರತದಲ್ಲಿ ಲಕ್ಷಗಟ್ಟಲೆ ಜನ ಬಳಸಿದ ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್ಪಿನ ಹಳೆಯ ಫೋನುಗಳು, ಅಂದರೆ 20,999 ರೂಪಾಯಿಗೆ ಬಂದಿದ್ದ ಶಿಯೋಮಿ ಕಂಪನಿಯ ಪೋಕೋ ಎಫ್1 ಮತ್ತು ಒನ್‌ಪ್ಲಸ್ 6. 2017ರಲ್ಲಿ ಆಲಿವರ್ ಸ್ಮಿತ್ ಆರಂಭಿಸಿದ ಪೋಸ್ಟ್‌ಮಾರ್ಕೆಟ್ ಓಎಸ್ ಎಂಬ ಯೋಜನೆ ಫೋನಿಗೆ 10 ವರ್ಷಗಳ ಆಯುಸ್ಸು ಕೊಡಬೇಕೆಂಬ ಗುರಿಯಿಟ್ಟುಕೊಂಡದ್ದು. ಅದರ ಬಳಗದವರೂ ಸೇರಿದಂತೆ ಹಲವರ ದುಡಿಮೆಯಿಂದ ಈ ಚಿಪ್ಪಿನ ಬೆಂಬಲ ಬಹುಪಾಲು ಮೂಲ ಲಿನಕ್ಸ್ ಕರ್ನಲ್ಲಿಗೇ ಸೇರಿದೆ. ಆರಂಭದ ಪ್ರಶ್ನೆಗೆ ಸಮಾಧಾನಕರ ಉತ್ತರ ಕೊಡುವ ಫೋನುಗಳು ಇವೇ: ಶಿಯೋಮಿಯಾಗಲಿ ಒನ್‌ಪ್ಲಸ್ ಆಗಲಿ ಇವುಗಳನ್ನು ಮರೆತರೂ ಕರ್ನಲ್ ಮುಂದುವರಿಯುತ್ತದೆ. ಕ್ಯಾಮೆರಾ ಆಂಡ್ರಾಯ್ಡಿನಷ್ಟು ಚೆನ್ನಾಗಿ ಬಾರದು, ವೋಲ್ಟೆಯ ಕೊರತೆ ಮೇಲೆ ಹೇಳಿದಂತೆ ಉಳಿಯುತ್ತದೆ. ಆದರೆ ಇದೇ ಫೋನುಗಳಿಗೆ ಗೂಗಲ್ ಇಲ್ಲದ ಆಂಡ್ರಾಯ್ಡ್ ಆದ ಲೀನಿಯೇಜ್ ಓಎಸ್ ಕೂಡ ಬಂದಿರುವುದರಿಂದ, ಲಿನಕ್ಸ್ ಸಾಲದೆಂದು ಕಂಡ ದಿನ ವೋಲ್ಟೆ ಇರುವ ವ್ಯವಸ್ಥೆಗೆ ಮರಳಬಹುದು. ಕೊಟ್ಟ ಹಣ ವ್ಯರ್ಥವಾಗದು.

ಹಳೆಯ ಫೋನು ಕೊಳ್ಳುವಾಗ ಮೂರು ಸೂಕ್ಷ್ಮಗಳಿವೆ. ಪೋಕೋ ಎಫ್1ರ ಪರದೆಗಳು ಟಿಯಾನ್ಮಾ, ಇಬಿಬಿಜಿ ಎಂಬ ಎರಡು ತಯಾರಕರಿಂದ ಬಂದಿದ್ದು ಪೋಸ್ಟ್‌ಮಾರ್ಕೆಟ್ ಓಎಸ್‌ನಲ್ಲಿ ಎರಡಕ್ಕೂ ಬೇರೆಬೇರೆ ಕಡತಗಳಿವೆ. ಒಡೆದ ಪರದೆಯ ಜಾಗಕ್ಕೆ ಅಂಗಡಿಯವರು ಮೂರನೆಯ ಬಗೆಯ ಅಗ್ಗದ ಪರದೆ ಹಾಕಿದ್ದರೆ ಲಿನಕ್ಸಿನಲ್ಲಿ ಅದು ಬೆಳಗದೇ ಇರಬಹುದು. ಆದ್ದರಿಂದ ಪರದೆ ಮೂಲದ್ದೇ ಎಂದು ವಿಚಾರಿಸಿ ಕೊಳ್ಳಬೇಕು. ಬೂಟ್‌ಲೋಡರ್, ಅಂದರೆ ಫೋನು ಎದ್ದೊಡನೆ ಯಾವ ವ್ಯವಸ್ಥೆಯನ್ನು ನಡೆಸಬೇಕೆಂದು ನಿರ್ಧರಿಸುವ ಬಾಗಿಲು, ಒನ್‌ಪ್ಲಸ್ 6ರಲ್ಲಿ ಒಂದೇ ಆಜ್ಞೆಗೆ ತೆರೆದುಕೊಳ್ಳುತ್ತದೆ. ಪೋಕೋದಲ್ಲಿ ಕಂಪನಿಯ ಖಾತೆ ಮಾಡಿಕೊಂಡು ದಿನಗಟ್ಟಲೆ ಕಾಯಬೇಕು, ಹಿಂದಿನ ಮಾಲೀಕರು ತಮ್ಮ ಖಾತೆಯನ್ನು ತೆಗೆದುಹಾಕಿರಲೇಬೇಕು. ಬ್ಯಾಟರಿ ಎರಡರಲ್ಲಿಯೂ ಒಳಗೆ ಅಂಟಿಸಿದ್ದು. ಒನ್‌ಪ್ಲಸ್ 6ರ ಹಿಂಬದಿ ಗಾಜಾದ್ದರಿಂದ ಬಿಸಿ ಮಾಡಿ ಎಬ್ಬಿಸಬಲ್ಲ ನುರಿತ ಕೈಗೆ ಕೊಡಬೇಕು.

ತೊಗರ್ಸಿಯಂಥ ಊರಿನಲ್ಲಿ ಒಂದೇ ಫೋನು ಇಟ್ಟುಕೊಳ್ಳಬಲ್ಲವರಿಗೆ ಲೀನಿಯೇಜ್ ಓಎಸ್ ಹಾಕಿದ ಒನ್‌ಪ್ಲಸ್ 6 ಸರಿಯಾದ ಬದಲಿ, ಬ್ಯಾಂಕಿನ ಆಪ್ ಅದರಲ್ಲಿ ತೆರೆಯುತ್ತದೆಯೇ ಎಂದು ಮೊದಲೇ ನೋಡಿಕೊಂಡರೆ. ಎರಡು ಸಾಧನ ಹೊರಬಲ್ಲವರಿಗೆ, ಕರೆಗೂ ಯುಪಿಐಗೂ 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್‌ನಂಥ ಕೀಪ್ಯಾಡ್ ಫೋನು, ಓದು ಬರಹ ಮತ್ತು ಉಳಿದೆಲ್ಲ ಕೆಲಸಕ್ಕೆ ಪೋಸ್ಟ್‌ಮಾರ್ಕೆಟ್ ಓಎಸ್‌ನ ಫೋನು, ಇವೆರಡರ ಜೋಡಿ ಮೇಲು. ಹೊಸ ಫೋನಿನ ತೆರೆಯ ಮೇಲೆ ಕನ್ನಡ ಕೀಲಿಮಣೆ ಕಾಣದಿದ್ದರೆ ಅಥವಾ ಅರ್ಕಾವೊತ್ತು ಕೂರದಿದ್ದರೆ, ಅದನ್ನು ಸರಿಪಡಿಸಿದವರು ಆ ಕಡತವನ್ನು ತಮ್ಮ ಫೋನಿನಲ್ಲಿಯೇ ಉಳಿಸಿಕೊಳ್ಳದೆ ಮೂಲ ಯೋಜನೆಗೆ ಕಳಿಸಿಕೊಡಲಿ. ಆಗ ಮುಂದಿನ ಫೋನು ಯಾರದೇ ಆಗಿರಲಿ, ಕನ್ನಡ ಅದರಲ್ಲಿ ಮೊದಲ ದಿನವೇ ಸಿಗುತ್ತದೆ.